ಒಂದು ದೇಶ ಬಿಟ್ಟು ಉಳಿದೆಲ್ಲ ದೇಶಗಳಿಗೆ

ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬಂದ ಮೊದಲ ವಾರ ನಾನು ಸೂರ್ಯನನ್ನು ಚಂದ್ರನೆಂದು ತಿಳಿದುಕೊಂಡೆ. ಪ್ರಯಾಣದ ದಣಿವಿಗೆ ಮೈಮರೆತು ಮಲಗಿದ್ದವಳು ಎಚ್ಚರಾಗಿ ನೋಡಿದರೆ ಹೊರಗೆ ಬೀದಿದೀಪಗಳು ಉರಿಯುತ್ತಿದ್ದವು. ಕಲ್ಲಿದ್ದಲ ಹೊಗೆ ಬೆರೆತ ಮಂಜಿನಲ್ಲಿ ಬಿಳಿಯ ಬಿಲ್ಲೆಯೊಂದು ತೂಗುತ್ತಿತ್ತು. ನೆಟ್ಟ ಕಣ್ಣಿನಿಂದ ನೋಡಿದರೂ ಅದು ಕಣ್ಣಿಗೆ ಚುಚ್ಚುತ್ತಿರಲಿಲ್ಲ. ರಾತ್ರಿಯಾಯಿತು, ಪಾಳಿ ತಪ್ಪಿತು ಎಂದು ಸಮವಸ್ತ್ರ ತೊಟ್ಟು ಆಸ್ಪತ್ರೆಗೆ ಓಡಿದೆ. ವಾರ್ಡಿನ ಹಿರಿಯ ನರ್ಸ್ ನಕ್ಕು ಗಡಿಯಾರ ತೋರಿಸಿದಳು. ಮಧ್ಯಾಹ್ನದ ಊಟದ ಹೊತ್ತು. ವಿಜಾಪುರದಲ್ಲಿ ಆ ಹೊತ್ತಿಗೆ ಬರಿಗಾಲಲ್ಲಿ ಅಂಗಳ ದಾಟಿದರೆ ಅಂಗಾಲು ಸುಡುತ್ತದೆ.

ಅರವತ್ತರ ದಶಕದ ಆರಂಭ ಅದು. ಮಿರಜದಲ್ಲಿ ನರ್ಸಿಂಗ್ ಕಲಿತು ಸೋಲಾಪುರದಲ್ಲಿ ಕೆಲಸಕ್ಕಿದ್ದವಳು ನಾನು. ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಕೈಗಳು ಬೇಕಾಗಿದ್ದವು. ನನಗೆ ಲೋಕ ನೋಡಬೇಕಾಗಿತ್ತು. ಅಪ್ಪ ಬಬಲೇಶ್ವರದಲ್ಲಿ ಜೋಳ, ಕುಸುಬಿಯ ವ್ಯಾಪಾರ ಮಾಡುತ್ತಿದ್ದ. ಮನೆ ಇದ್ದದ್ದು ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ. ನಾನು ಹೊರಟ ದಿನ ಅಪ್ಪ ಅಂಗಡಿ ಬಿಟ್ಟು ಬರಲಿಲ್ಲ. ಅದು ಅವನ ಸಿಟ್ಟು. ಸ್ಟೇಶನ್ನಿಗೆ ಬಂದವಳು ಅವ್ವ. ಕಿಟಕಿಯ ಸರಳಿನ ಮೇಲಿದ್ದ ನನ್ನ ಕೈ ಹಿಡಿದು, "ಅಲ್ಲಿ ಮಂದಿ ಹ್ಯಾಂಗ ಇರ್ತಾರೋ ಏನೋ. ಒಲ್ಲೆ ಅನ್ನಿಸಿದ್ರ ತಿರುಗಿ ಬಂದುಬಿಡು, ನೀಲಾ. ನಿನ್ನ ಯಾರೂ ಏನೂ ಕೇಳಾಂಗಿಲ್ಲ," ಎಂದಳು. ಆ ಮಾತಿನ ಬೆಲೆ ನನಗೆ ಆಗ ತಿಳಿದಿರಲಿಲ್ಲ.

ಲೀಡ್ಸಿನಲ್ಲಿ ಕೋಣೆ ಸಿಗುವುದೇ ಕಷ್ಟವಾಯಿತು. ಬಾಡಿಗೆಗೆ ಇದೆ ಎಂಬ ಚೀಟಿ ಕಿಟಕಿಯಲ್ಲಿರುತ್ತಿತ್ತು. ಬಾಗಿಲು ತೆರೆದವರು ನನ್ನ ಮುಖ ನೋಡಿ, ಕೋಣೆ ಈಗಷ್ಟೇ ಹೋಯಿತು ಎನ್ನುತ್ತಿದ್ದರು. ನಮ್ಮಲ್ಲೂ ಜಾತಿ ಕೇಳಿ ಮನೆ ಕೊಡುತ್ತಾರೆ, ಆದರೆ ಕೇಳುವವರ ಸಾಲಿನಲ್ಲಿದ್ದವಳು ನಾನು. ಕೇಳಿಸಿಕೊಳ್ಳುವವರ ಸಾಲಿಗೆ ಬಂದಾಗ ಅದರ ರುಚಿ ಗೊತ್ತಾಯಿತು. ಕೊನೆಗೆ ಮಿಸೆಸ್ ಹಾರ್ಟ್ಲಿ ಎಂಬ ವಿಧವೆ ಮೇಲಿನ ಮಹಡಿಯ ಕೋಣೆ ಕೊಟ್ಟಳು. ಮೊದಲ ದಿನವೇ ಆಕೆ ನನ್ನನ್ನು "ಲವ್" ಎಂದು ಕರೆದಳು. ನಾನು ಗಾಬರಿಯಾದೆ. ಆ ಸೀಮೆಯಲ್ಲಿ ಅದು ಬರಿಯ ಕರೆ, ಬಸ್ಸಿನ ಕಂಡಕ್ಟರ್‌ನೂ ಹಾಗೆಯೇ ಕರೆಯುತ್ತಾನೆ, ನಾವು "ಯವ್ವಾ" ಎಂದ ಹಾಗೆ. ಸಂಜೆ "ಟೀ"ಗೆ ಬಾ ಎಂದಳು. ಚಹಾ ಎಂದುಕೊಂಡು ಹೊಟ್ಟೆತುಂಬ ಉಂಡು ಹೋದರೆ ಅಲ್ಲಿ ಪೂರ್ತಿ ಊಟ ಬಡಿಸಿಟ್ಟಿತ್ತು. ಸಂಜೆಯ ಊಟಕ್ಕೇ ಅವರು ಟೀ ಎನ್ನುತ್ತಾರೆ.

ಮಾತು ಹೀಗೆ ಕಲಿತೆ. ಕಲಿಯದೆ ಉಳಿದದ್ದು ಒಬ್ಬಳೇ ಇರುವುದು. ಇಬ್ರಾಹಿಂಪುರದಲ್ಲಿ ನಾಲ್ಕು ಮನೆಗೆ ಒಂದೇ ಗೋಡೆ; ಆಚೆ ಮನೆಯವರ ಕೆಮ್ಮು ಕೇಳಿ ಈಚೆ ಮನೆಯವರು ಕಷಾಯ ಕಾಸುತ್ತಾರೆ. ಇಲ್ಲಿ ಗೋಡೆಗಳು ಅಷ್ಟೇ ಒತ್ತಾಗಿದ್ದರೂ ಯಾರ ಕೆಮ್ಮೂ ಯಾರಿಗೂ ಕೇಳುವುದಿಲ್ಲ. ರಜೆಯ ದಿನ ಸಂಜೆಯವರೆಗೆ ಒಂದು ಮಾತನ್ನೂ ಆಡದೆ ಇದ್ದು, ಕೊನೆಗೆ ಕನ್ನಡಿಯ ಮುಂದೆ ನಿಂತು "ಊಟ ಆತೇನ ಬೇ?" ಎಂದು ಕೇಳಿಕೊಂಡದ್ದುಂಟು.

ಅಂಥ ಒಂದು ದಿನ ಅವ್ವ ಕೊಟ್ಟ ಜೋಳದ ಹಿಟ್ಟಿನಲ್ಲಿ ಉಳಿದದ್ದನ್ನು ಕಲಸಿ ರೊಟ್ಟಿ ಬಡಿಯತೊಡಗಿದೆ. ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಕೋಣೆಯ ಹೆಂಗಸು. ಗೋಡೆಗೆ ಮೊಳೆ ಹೊಡೆಯುತ್ತಿದ್ದೇನೆ ಎಂದುಕೊಂಡು ಬಂದಿದ್ದಳು. ನನ್ನ ಹಿಟ್ಟಿನ ಕೈ, ಒಲೆಯ ಮೇಲಿನ ರೊಟ್ಟಿ, ತಟ್ಟೆಯ ಕೆಂಪು ಶೇಂಗಾ ಚಟ್ನಿ ನೋಡುತ್ತ ನಿಂತಳು. ಕರೆಯದೆ ಒಳಗೆ ಬಂದು ಚಟ್ನಿಯನ್ನು ಬೆರಳಿನಿಂದ ನೆಕ್ಕಿದಳು. ಕಣ್ಣಲ್ಲಿ ನೀರು ಬಂತು. ಖಾರಕ್ಕೆಂದು ನಾನು ನೀರು ಕೊಟ್ಟೆ.

"ಖಾರಕ್ಕಲ್ಲ," ಎಂದಳು. "ನಮ್ಮೂರಲ್ಲಿ ಅಮ್ಮ ಮೆಣಸಿನಕಾಯಿ ಪೋಣಿಸಿ ಸೂರಿನ ಕೆಳಗೆ ತೂಗುಹಾಕುತ್ತಾಳೆ. ಇಡೀ ಬೀದಿ ಕೆಂಪಗಿರುತ್ತದೆ."

ಅವಳು ಇಲೋನಾ. ಹಂಗೇರಿ ದೇಶದ ಬಯಲುಸೀಮೆಯವಳು. ಲೀಡ್ಸಿನ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಅವಳ ದೇಶದಲ್ಲಿ ಜನ ಸರಕಾರದ ಮೇಲೆ ಎದ್ದು, ರಷ್ಯದ ಟ್ಯಾಂಕುಗಳು ಬಂದ ಚಳಿಗಾಲದಲ್ಲಿ ಕೆಸರು ಹೊಲಗಳಲ್ಲಿ ನಡೆದು ಗಡಿ ದಾಟಿದ್ದಳು. ತಾಯಿಗೆ ಪೇಟೆಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದ್ದಳಂತೆ. ಆಮೇಲೆ ತಾಯಿಯ ಮುಖ ನೋಡಿರಲಿಲ್ಲ.

ಒಂದು ಸಲ ಅವಳು ತನ್ನ ಪ್ರಯಾಣ ಪತ್ರ ತೋರಿಸಿದಳು. ಪಾಸ್‌ಪೋರ್ಟಿನ ಹಾಗೇ ಕಾಣುತ್ತಿತ್ತು, ಆದರೆ ಪಾಸ್‌ಪೋರ್ಟಲ್ಲ. ತಮ್ಮ ದೇಶದ ರಕ್ಷಣೆ ಕಳೆದುಕೊಂಡ ನಿರಾಶ್ರಿತರಿಗೆ ಅವರು ಆಶ್ರಯ ಪಡೆದ ದೇಶ ಕೊಡುವ ಪುಸ್ತಕ. ಎಲ್ಲೆಲ್ಲಿಗೆ ಹೋಗಬಹುದು ಎನ್ನುವ ಪುಟದಲ್ಲಿ, ಹಂಗೇರಿಯೊಂದನ್ನು ಬಿಟ್ಟು ಉಳಿದ ಎಲ್ಲ ದೇಶಗಳಿಗೆ ಎಂದು ಬರೆದಿತ್ತು.

"ನೋಡು, ವಿಜಾಪುರಕ್ಕೂ ಹೋಗಬಹುದು," ಎಂದು ನಕ್ಕಳು. "ನಮ್ಮಮ್ಮನ ಅಡುಗೆಮನೆಗೆ ಮಾತ್ರ ಇಲ್ಲ."

ಐದಾರು ವರ್ಷ ಇದ್ದವರು ಇಂಗ್ಲೆಂಡಿನ ಪೌರರಾಗಲು ಅರ್ಜಿ ಹಾಕಬಹುದಿತ್ತು. ಇಲೋನಾ ಹಾಕಿರಲಿಲ್ಲ. "ಬೇರೆ ದೇಶದವಳಾದೆ ಎಂದು ತಿಳಿದರೆ, ಇನ್ನಿವಳು ಬರುವುದಿಲ್ಲ ಅಂದುಕೊಳ್ಳುತ್ತಾಳೆ ಅಮ್ಮ," ಎನ್ನುತ್ತಿದ್ದಳು.

ಹೀಗಿರುವಾಗ ಒಂದು ವಸಂತದಲ್ಲಿ ಸುದ್ದಿ ಬಂತು. ತಾಯಿಗೆ ಕೆಲವೇ ದಿನಗಳ ಮಟ್ಟಿಗೆ ಪಕ್ಕದ ಆಸ್ಟ್ರಿಯಾದ ವಿಯೆನ್ನಾ ನಗರಕ್ಕೆ ಬರಲು ಅಪ್ಪಣೆ ಸಿಕ್ಕಿದೆ, ಮಗಳು ಅಲ್ಲಿಗೆ ಬರಬೇಕು. ಇಲೋನಾ ನನ್ನ ಕೋಣೆಯಲ್ಲಿ ಕುಣಿದಳು. ನನಗೂ ರಜೆ ಇತ್ತು. ಇಬ್ಬರೂ ಹೋಗೋಣ ಎಂದು ಟಿಕೆಟ್ ತೆಗೆಸಿ, ಇಬ್ಬರೂ ವೀಸಾಕ್ಕೆ ಅರ್ಜಿ ಹಾಕಿದೆವು.

ನನ್ನ ಭಾರತದ ಪಾಸ್‌ಪೋರ್ಟಿಗೆ ವೀಸಾದ ಮುದ್ರೆ ಬೇಗ ಬಿತ್ತು. ಇಲೋನಾಳ ಪುಸ್ತಕ ಹಾಗೆಯೇ ತಿರುಗಿ ಬಂತು. ವಿಚಾರಿಸಿದಾಗ ನಿಯಮ ತಿಳಿಯಿತು. ನನ್ನಂಥವಳನ್ನು ಯಾವ ದೇಶ ಹೊರಗೆ ಹಾಕಿದರೂ ಭಾರತ ಒಳಗೆ ಕರೆದುಕೊಳ್ಳಲೇಬೇಕು. ಇಲೋನಾಳನ್ನು ಕರೆದುಕೊಳ್ಳುವ ದೇಶ ಇಂಗ್ಲೆಂಡೊಂದೇ, ಅದೂ ಆ ಪುಸ್ತಕದ ಅವಧಿ ಇರುವ ತನಕ. ಆದ್ದರಿಂದ ಪ್ರವಾಸ ಮುಗಿದ ಮೇಲೂ ಹಿಂದಿರುಗುವ ಹಕ್ಕು ಇನ್ನಷ್ಟು ತಿಂಗಳು ಉಳಿದಿರಬೇಕು. ಇಲ್ಲವಾದರೆ ವೀಸಾ ಇಲ್ಲ. ಅವಳ ಪುಸ್ತಕದ ಅವಧಿ ಮುಗಿಯುತ್ತ ಬಂದಿತ್ತು. ಯುರೋಪಿನ ಕೆಲವು ದೇಶಗಳು ಇಂಥ ನಿರಾಶ್ರಿತರಿಗೆ ವೀಸಾವೇ ಬೇಡ ಎಂದು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದವಂತೆ. ನಾವಿದ್ದ ದೇಶವಾಗಲಿ, ಹೋಗಬೇಕಾಗಿದ್ದ ದೇಶವಾಗಲಿ ಆಗ ಅದರಲ್ಲಿ ಸೇರಿರಲಿಲ್ಲ.

ಪುಸ್ತಕವನ್ನು ನವೀಕರಿಸಲು ಲಂಡನ್ನಿಗೆ ಕಳಿಸಿದಳು. ದಿನಾಲೂ ಕಾರ್ಖಾನೆಗೆ ಹೋಗುವ ಮುನ್ನ ಬಾಗಿಲಲ್ಲಿ ನಿಂತು ಅಂಚೆಯವನನ್ನು ಕಾಯುತ್ತಿದ್ದಳು. ಹೊರಡುವ ದಿನ ಬಂದರೂ ಅದು ಬರಲಿಲ್ಲ. ತಾಯಿಗೆ ತಂತಿ ಕೊಟ್ಟೆವು, ಆದರೆ ಅದು ಆ ಹಳ್ಳಿಗೆ ಸಕಾಲಕ್ಕೆ ಮುಟ್ಟುವ ಭರವಸೆ ಇರಲಿಲ್ಲ.

"ನೀನು ಹೋಗು," ಎಂದಳು ಇಲೋನಾ. "ಅವಳು ಸ್ಟೇಶನ್ನಿನಲ್ಲಿ ಇಳಿದಾಗ ಯಾರೂ ಇರದಿದ್ದರೆ ಹೇಗೆ?"

ಅವಳ ಭಾಷೆಯಲ್ಲಿ ಒಂದೇ ಮಾತು ಕಲಿಸಿಕೊಟ್ಟಳು. ಇಲೋನಾ ಯೋಲ್ ವಾನ್. ಇಲೋನಾ ಚೆನ್ನಾಗಿದ್ದಾಳೆ ಎಂದರ್ಥ. ರೈಲು, ಹಡಗು, ಮತ್ತೆ ರೈಲು, ಉದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತ ಹೋದೆ. ಗಡಿಗಡಿಗೂ ಅಧಿಕಾರಿಗಳು ನನ್ನ ಪಾಸ್‌ಪೋರ್ಟ್ ತೆರೆದು, ಮುದ್ರೆಯ ಮೇಲೆ ಮುದ್ರೆ ಒತ್ತಿ, ಮುಗುಳ್ನಕ್ಕು ತಿರುಗಿ ಕೊಟ್ಟರು. ಎದುರಿನ ಸೀಟು ಖಾಲಿಯಿತ್ತು.

ವಿಯೆನ್ನಾದ ಸ್ಟೇಶನ್ನಿನಲ್ಲಿ ತಲೆಗೆ ಕಪ್ಪು ವಸ್ತ್ರ ಕಟ್ಟಿದ ಮುದುಕಿ ಬುಟ್ಟಿಯೊಂದನ್ನು ಎದೆಗೆ ಅವಚಿಕೊಂಡು ಇಳಿದಳು. ಇಲೋನಾ ತೋರಿಸಿದ್ದ ಫೋಟೋದಲ್ಲಿ ನೋಡಿದ್ದ ಮುಖ. ಕೋಟಿನ ಕೆಳಗೆ ಸೀರೆ ಉಟ್ಟಿದ್ದ ನಾನು ಮುಂದೆ ಹೋಗಿ ಕೈ ಮುಗಿದೆ. ಆಕೆ ನನ್ನ ಹೆಗಲಾಚೆ ಮಗಳನ್ನು ಹುಡುಕಿದಳು. ತಂತಿ ಮುಟ್ಟಿರಲಿಲ್ಲ.

"ಇಲೋನಾ ಯೋಲ್ ವಾನ್," ಎಂದೆ. ನನ್ನ ಉಚ್ಚಾರ ಆಕೆಗೆ ಹಿಡಿಯಲಿಲ್ಲ. ಇಲೋನಾ ಎಂಬ ಹೆಸರಷ್ಟೇ ಹಿಡಿಯಿತು. ನನ್ನ ತೋಳು ಹಿಡಿದು ಏನೋ ಒಂದೇ ಶಬ್ದ ಕೇಳಿದಳು. ಮಗಳು ಬರಲಿಲ್ಲವೇ ಎಂದಿರಬೇಕೆಂದುಕೊಂಡು ನಾನು ಹೌದೆಂದು ತಲೆಯಾಡಿಸಿದೆ. ಆಕೆಯ ಬುಟ್ಟಿ ಕೈಜಾರಿತು. ಅಲ್ಲೇ ಕಲ್ಲಿನ ನೆಲದ ಮೇಲೆ ಕುಸಿದು ಕೂತು, ದನಿಯಿಲ್ಲದೆ ಬಾಯಿ ತೆರೆದಳು. ಆಗ ಹೊಳೆಯಿತು, ಸತ್ತಳೇ ಎಂದು ಕೇಳಿದ್ದಳು ಆಕೆ.

ಆಸ್ಪತ್ರೆಯಲ್ಲಿ ಎಂಥೆಂಥ ಮುಖಗಳನ್ನು ನೋಡಿದ್ದೆ, ಅಂಥದ್ದನ್ನು ನೋಡಿರಲಿಲ್ಲ. "ಇಲ್ಲ ಯವ್ವಾ, ಅದಾಳ, ನಿನ್ನ ಮಗಳು ಅದಾಳ!" ಎಂದು ಕನ್ನಡದಲ್ಲೇ ಕೂಗಿದೆ. ಸಾಮಾನು ಹೊರುವವನೊಬ್ಬ ಓಡಿಬಂದ. ಅವನಿಗೆ ಆಕೆಯ ಭಾಷೆಯೂ ಚೂರುಪಾರು ಇಂಗ್ಲಿಷೂ ಬರುತ್ತಿತ್ತು, ದೇವರು ಕಳಿಸಿದ ಹಾಗೆ. ಅವನ ಮಾತನ್ನೂ ಆಕೆ ನಂಬಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳುತ್ತಾರೆ ಎಂಬಂತೆ ತಲೆ ಕೊಡವಿದಳು.

ಅಂದು ಭಾನುವಾರ, ಇಲೋನಾಗೆ ಕಾರ್ಖಾನೆ ರಜೆ. ನಾನು ಮುಟ್ಟಿದ ಕೂಡಲೇ ಫೋನ್ ಮಾಡುವುದೆಂದು ಮಾತಾಗಿತ್ತು. ಇಬ್ಬರೂ ಸೇರಿ ಆಕೆಯನ್ನು ನಡೆಸಿಕೊಂಡು ಸ್ಟೇಶನ್ನಿನ ಫೋನ್ ಕೌಂಟರಿಗೆ ಹೋದೆವು. ಲೀಡ್ಸಿನ ಮನೆಗೆ ಕರೆ ಸೇರುವವರೆಗೆ ಆಕೆ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಆ ಕಡೆಯಿಂದ ಇಲೋನಾಳ ದನಿ ಬಂದಾಗ ನಾನು ಫೋನನ್ನು ಆಕೆಯ ಕಿವಿಗಿಟ್ಟೆ. ಆಕೆ ಕೇಳುತ್ತ ನಿಂತಳು. ಬಹಳ ಹೊತ್ತಿನ ಮೇಲೆ ಒಂದೇ ಒಂದು ಮಾತು, ಗದರಿಸುವ ದನಿಯಲ್ಲಿ ಆಡಿದಳು. ಆಮೇಲೆ ಇಲೋನಾ ಹೇಳಿದಳು, "ಪೇಟೆಯಿಂದ ಬರಲು ಇಷ್ಟು ಹೊತ್ತೇ?" ಎಂದಿದ್ದಳಂತೆ.

ಉಳಿದ ದಿನಗಳನ್ನು ನಾವಿಬ್ಬರೂ ಒಂದು ಸಣ್ಣ ವಸತಿಗೃಹದಲ್ಲಿ ಕಳೆದೆವು. ಬುಟ್ಟಿಯಲ್ಲಿ ಗಸಗಸೆಯ ಹೂರಣ ತುಂಬಿ ಸುರುಳಿ ಸುತ್ತಿದ ತಿಂಡಿಯಿತ್ತು. ಮಗಳ ಪಾಲನ್ನು ಕಟ್ಟಿಟ್ಟು ನನಗೆ ತಾನೇ ತುತ್ತು ಮಾಡಿ ತಿನ್ನಿಸಿದಳು. ಬೀಳ್ಕೊಡುವಾಗ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಅದು ನನಗಾಗಿ ಅಲ್ಲ ಎಂದು ಗೊತ್ತಿತ್ತು. ಆದರೂ ಊರು ಬಿಟ್ಟ ಮೇಲೆ ನನ್ನ ಮುಖವನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

ನವೀಕರಿಸಿದ ಪುಸ್ತಕ ನಾನು ಹೋದ ಮರುದಿನ ಬಂದಿತ್ತು. ವೀಸಾಕ್ಕೆ ಮತ್ತೆ ಅರ್ಜಿ ಹಾಕುವಷ್ಟು ವೇಳೆ ಉಳಿದಿರಲಿಲ್ಲ. ಆ ವರ್ಷವೇ ಇಲೋನಾ ಪೌರತ್ವಕ್ಕೆ ಅರ್ಜಿ ಬರೆದಳು. ಕೆಲ ಕಾಲದ ಮೇಲೆ ಅದು ದೊರೆಯಿತು. ಅವಳ ದೇಶದ ಸರಕಾರವೂ ಅಷ್ಟರಲ್ಲಿ ಬಿಟ್ಟುಹೋದವರ ಮೇಲಿನ ಬಿಗಿ ಸಡಿಲಿಸಿತ್ತು. ಇಂಗ್ಲೆಂಡಿನ ಪಾಸ್‌ಪೋರ್ಟ್ ಹಿಡಿದು, ತನ್ನೂರಿಗೆ ವೀಸಾ ಮಾಡಿಸಿಕೊಂಡು ಹೋದಳು. ತಿರುಗಿ ಬಂದಾಗ ನಾನು, "ಹೇಗಿತ್ತು?" ಎಂದೆ.

"ಅಮ್ಮನಿಗೆ ನನ್ನನ್ನು ಬಿಡಲು ಮನಸ್ಸೇ ಇರಲಿಲ್ಲ," ಎಂದಳು. "ಆದರೆ ಮೊದಲು ಪೊಲೀಸ್ ಠಾಣೆಗೆ ಹೋಗಿ ವಿದೇಶಿಯೆಂದು ಹೆಸರು ಬರೆಸಬೇಕಿತ್ತು. ಬರೆದುಕೊಂಡವನು ನನ್ನ ಜೊತೆ ಶಾಲೆಗೆ ಬಂದವನು. ಅವನು ನನ್ನನ್ನು ತಾವು ಎಂದ." ಕೋಟು ಕೂಡ ಬಿಚ್ಚದೆ ಒಲೆಯ ಮುಂದೆ ಕೂತಿದ್ದಳು.

ಆ ಮೇಲಿನ ಚಳಿಗಾಲದಲ್ಲಿ ನಾನು ವಿಜಾಪುರಕ್ಕೆ ಬಂದೆ. ನನಗೆ ಯಾವ ವೀಸಾವೂ ಬೇಡ, ಯಾವ ಠಾಣೆಗೂ ಹೋಗಬೇಕಿಲ್ಲ. ಮುಂಬಯಿಯಲ್ಲಿ ಅಧಿಕಾರಿ ಪುಟವನ್ನೂ ಸರಿಯಾಗಿ ನೋಡದೆ ಬಿಟ್ಟ. ಸ್ಟೇಶನ್ನಿಗೆ ಅಪ್ಪನೇ ಬಂದಿದ್ದ. ನನ್ನ ಟ್ರಂಕನ್ನು ತನ್ನ ಹೆಗಲ ಮೇಲೇ ಹೊತ್ತ. ತಿಕೋಟಾದ ಬಂಧುಗಳು, ಘೋಣಸಗಿಯಿಂದ ಗಾಡಿ ಕಟ್ಟಿಸಿಕೊಂಡು ಬಂದ ಸೋದರತ್ತೆ, ಓಣಿಯ ಹೆಂಗಸರು ಪಡಸಾಲೆ ತುಂಬ ಕೂತಿದ್ದರು. ಮೈ ಸವರಿದರು, ಸೊರಗೀದಿ ಎಂದರು. ಅವ್ವ ಇಲೋನಾಳ ಕತೆ ಕೇಳಿದಳು.

"ಹಡದಾಕಿ ಜೀವಂತ ಇದ್ದಾಗ ಮಗಳು ಹೋಗಬ್ಯಾಡಂದ್ರ, ಅದೆಂಥಾ ಕಾನೂನ ಬೇ?"

"ಈಗ ಬಿಟ್ಟಾರವ್ವ. ಹೋಗಿ ಬಂದಾಳ."

"ಹೋಗಿ ಬಂದಾಳ ಅಂದ್ರ? ಅಲ್ಲೇ ಉಳೀಲಿಲ್ಲೇನು?"

ಅಷ್ಟರಲ್ಲಿ ಸೋದರತ್ತೆ ಎಲೆ ಅಡಿಕೆ ಮಡಿಚುತ್ತ, ಎಲ್ಲರೂ ಕೇಳುವುದನ್ನು ಅಕ್ಕರೆಯಿಂದಲೇ ಕೇಳಿದಳು: "ಮತ್ತ ಯಾವಾಗ ಹೊಂಟೀದಿ, ನೀಲಾ?"

"ಮುಂದಿನ ತಿಂಗಳ ಮನಿಗಿ ಹೋಗ್ತೇನತ್ತಿ," ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ನನಗೆ ಕೇಳಿಸಿದ್ದು. ಪಡಸಾಲೆಯಲ್ಲಿ ಬೇರೆ ಯಾರೂ ಗಮನಿಸಲಿಲ್ಲ. ಅವ್ವ ಮಾತ್ರ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಮಡಿಲಲ್ಲಿಟ್ಟು ನನ್ನ ಕಡೆ ತಿರುಗಿದಳು.

"ಯಾವ ಮನಿಗಿ?" ಎಂದು ಮೆಲ್ಲಗೆ ಕೇಳಿದಳು.

ಆಕೆ ಸಿಟ್ಟಾಗಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದಳು. ನಾನು ಆಕೆಯ ಮಡಿಲಿನಿಂದ ಮೊರ ತೆಗೆದುಕೊಂಡು ಹರಳು ಆರಿಸತೊಡಗಿದೆ. ಹಳಿಯ ಮೇಲೆ ಗದಗಿನ ಕಡೆ ಹೋಗುವ ರೈಲು ಬಂತು, ಹೋಯಿತು. ಅದು ದಾಟಿ ಹೋಗುವವರೆಗೂ ನಾನು ತಲೆ ಎತ್ತಲಿಲ್ಲ. ದಾಟಿ ಹೋದ ಮೇಲೆಯೂ ಅವ್ವ ಇನ್ನೊಮ್ಮೆ ಕೇಳಲಿಲ್ಲ.