ಮೀನುತೊಟ್ಟಿಯ ಇನೋಬತಕ್ಕ ಮತ್ತು ಬೆಳ್ಳಗಾದ ಸ್ಪಂಜು

ಕೋಕಂದ್ ಊರಿನ ಹಳೇ ಪೇಟೆಯ ಮದುವೆ ಮಂಟಪದಲ್ಲಿ ಬೆಳಗಿನ ಪಲಾವು ಬೇಯುತ್ತಿದೆ. ಮಸೀದಿಯಲ್ಲಿ ನಮಾಜು ಮುಗಿಸಿದ ಗಂಡಸರು ಇನ್ನೇನು ನೆಟ್ಟಗೆ ಇಲ್ಲಿಗೇ ಬರುತ್ತಾರೆ. ಮದುಮಗನ ಅಪ್ಪನ ಕೈಹಿಡಿದು ಹರಸಿ, ಉಂಡು, ಅವರವರ ಕೆಲಸಕ್ಕೆ ಹೋಗುತ್ತಾರೆ. ಅಷ್ಟರೊಳಗೆ ಇನೋಬತಕ್ಕ ತನ್ನ ಬಕೆಟ್ಟು ಪೈಪು ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಟಿರಬೇಕು. ಗಂಡಸರು ಉಣ್ಣುವ ಹೊತ್ತಿನಲ್ಲಿ ಹೆಂಗಸೊಬ್ಬಳು ಒದ್ದೆ ಕೈಯಲ್ಲಿ ಓಡಾಡುವುದು ಚೆಂದವಲ್ಲ ಎಂದು ಮಂಟಪದವರು ಮೊದಲೇ ಹೇಳಿಬಿಟ್ಟಿದ್ದಾರೆ.

ಗೋಡೆಯುದ್ದಕ್ಕೂ ಹಬ್ಬಿರುವ ಗಾಜಿನ ತೊಟ್ಟಿಯ ಹಿಂದೆ ಅವಳು ಬೋರಲು ಬಕೆಟ್ಟಿನ ಮೇಲೆ ಕೂತಿದ್ದಾಳೆ. ಪೈಪಿನ ತುದಿಯನ್ನು ಬಾಯಲ್ಲಿ ಎಳೆದು ತೊಟ್ಟಿಯ ನೀರನ್ನೇ ಇನ್ನೊಂದು ಬಕೆಟ್ಟಿಗೆ ಇಳಿಸಿಯಾಗಿದೆ. ‘ಬಿಸ್ಮಿಲ್ಲಾ’ ಎಂದು ಫಿಲ್ಟರಿನ ಮುಚ್ಚಳ ಬಿಚ್ಚುತ್ತಾಳೆ. ಒಳಗಿನ ಸ್ಪಂಜು ತೆಗೆದು, ಆ ನೀರಿನಲ್ಲಿ ಅದ್ದಿ, ಎಳೆಗೂಸಿನ ತಲೆ ತೊಳೆಯುವ ಹಾಗೆ ಮೆಲ್ಲಗೆ ಹಿಂಡುತ್ತಾಳೆ. ನೀರು ಕಂದಾಗುತ್ತದೆ. ಸ್ಪಂಜೂ ಕಂದಾಗಿಯೇ ಉಳಿಯುತ್ತದೆ. ಅವಳಿಗೆ ಅಷ್ಟು ಸಾಕು.

ಸೌಟು ಹುಡುಕಿಕೊಂಡು ಒಳಗೆ ಬಂದ ಅಡುಗೆಯ ತೋಶ್ತೆಮಿರ್ ಬಕೆಟ್ಟಿನೊಳಗೆ ಇಣುಕುತ್ತಾನೆ.

“ಏನಕ್ಕಾ, ನನ್ನ ಕೊಪ್ಪರಿಗೆ ರಸಕ್ಕಿಂತ ನಿಂದೇ ಗಟ್ಟಿ ಇದೆಯಲ್ಲ. ಎರಡು ಸೌಟು ಕೊಡು, ಹೆಣ್ಣಿನ ಕಡೆಯೋರಿಗೆ ಬಡಿಸ್ತೀನಿ.”

“ನೀನು ಸುರಿಯೋ ಕೊಬ್ಬಿಗಿಂತ ಇದೇ ವಾಸಿ ಕಣೋ. ಇದನ್ನ ಕುಡಿದು ಯಾರೂ ಎದೆ ಹಿಡ್ಕೊಂಡಿಲ್ಲ.”

“ನಲ್ಲಿ ಅಲ್ಲೇ ಇದೆ. ಅದರ ಕೆಳಗೆ ಹಿಡಿದ್ರೆ ಒಂದು ಗಳಿಗೆ ಕೆಲಸ. ಕೊಳೇನ ಕೊಳೇಲಿ ತೊಳೀತಾ ಕೂತಿದ್ದೀಯಲ್ಲ.”

ಅವನು ಅತ್ತ ಹೋದ ಮೇಲೆ ಇನೋಬತಕ್ಕ, ತನ್ನ ಕೆಲಸದ ಬಗ್ಗೆ ಬರೆದುಕೊಳ್ಳಲು ಬಂದವರಿಗೆ ತಲೆಯೆತ್ತದೆ ಹೇಳುತ್ತಾಳೆ: “ನಲ್ಲಿ ನೀರಿಗೆ ಮದ್ದು ಹಾಕಿರ್ತಾರೆ. ಈ ಸ್ಪಂಜಲ್ಲಿ ಕಣ್ಣಿಗೆ ಕಾಣದ ಜೀವ ಇರ್ತವೆ, ಮೀನಿನ ಹೊಲಸು ತಿಂದು ನೀರು ಕಾಯ್ತವೆ. ಮದ್ದಿನ ನೀರು ಬಿದ್ರೆ ಅವು ಹೋಗ್ತವೆ, ಅವುಗಳ ಹಿಂದೇನೇ ಮೀನೂ ಹೋಗ್ತವೆ. ಮೊದಲ ಸಲ ನಾನೂ ಸೋಪು ಹಾಕಿ ತೊಳೆದವಳೇ. ಕಪಾಳಕ್ಕೆ ಬಿತ್ತು, ಕಲಿತೆ.”

ಆ ಏಟು ಬಿದ್ದದ್ದು ಶಾಲೆಯಲ್ಲಿ. ಹದಿನೆಂಟರ ಹುಡುಗಿಯಾಗಿ ಅವಳು ಅಲ್ಲಿ ನೆಲ ಒರೆಸುತ್ತಿದ್ದಳು. ಜೀವಶಾಸ್ತ್ರದ ಕೋಣೆಯಲ್ಲಿ ಎರಡು ತೊಟ್ಟಿಗಳಿದ್ದವು. ಮೀನಿನ ಚಾಕರಿ ಬಂದದ್ದು ಹಾಗೆ. ಮುಂದೆ ಗಂಡ ತೀರಿಕೊಂಡಾಗ ಅದೇ ಚಾಕರಿ ಅನ್ನವಾಯಿತು. ಆ ಹೊತ್ತಿಗೆ ಊರಿನ ಅತಿಥಿಕೋಣೆಗಳಲ್ಲಿ ಅಂದಕ್ಕೆ ಗಾಜಿನ ಪಾತ್ರೆ ಜೋಡಿಸಿಡುವ ಕಾಲ ಮುಗಿದು ಮೀನುತೊಟ್ಟಿ ಇಡುವ ಕಾಲ ಶುರುವಾಗಿತ್ತು. ದಿನಕ್ಕೆ ನಾಲ್ಕೈದು ಮನೆ ಸುತ್ತುತ್ತಿದ್ದಳು. ಬೆರಳ ಸಂದಿಯ ಚರ್ಮ ಬಿರಿದು ಬೆಳ್ಳಗಾಯಿತು, ಮಂಡಿ ಹಿಡಿಯಿತು. ಬಾಡಿಗೆ ವ್ಯಾನಿನಲ್ಲಿ ಅವಳು ಹತ್ತಿದರೆ ಪಕ್ಕದವರು ಕೆರೆಯ ವಾಸನೆಗೆ ಮೂಗು ತಿರುಗಿಸುತ್ತಿದ್ದರು. ಇಷ್ಟಾದರೂ ಆಗ ಅವಳ ಕೈಗೆ ಊರಲ್ಲಿ ಮರ್ಯಾದೆ ಇತ್ತು.

ಈಗ ಉಳಿದಿರುವುದು ಈ ಮಂಟಪ, ಒಬ್ಬ ಹಲ್ಲಿನ ಡಾಕ್ಟರು, ರೈಲು ನಿಲ್ದಾಣದ ಬಳಿಯ ಒಂದು ಚಹಾದಂಗಡಿ. ಅವಳದೇ ಕೇರಿಯಲ್ಲಿ ಒಂದು ಮನೆಯೂ ಇಲ್ಲ.

ಯಾಕೆ ಎಂದು ಕೇಳಿದರೆ ಬೇಗ ಬಾಯಿ ಬಿಡುವವಳಲ್ಲ. ಇದು ಯಾವ ಭಾಷೆಯಲ್ಲಿ ಅಚ್ಚಾಗುತ್ತದೆ, ಆ ಭಾಷೆ ತಮ್ಮ ಕೇರಿಯಲ್ಲಿ ಯಾರಿಗಾದರೂ ಬರುತ್ತದೆಯೇ ಎಂದು ಎರಡೆರಡು ಸಲ ಕೇಳಿ, ಯಾರಿಗೂ ಬರದು ಎಂದು ಖಾತ್ರಿಯಾದ ಮೇಲೆಯೇ ಹೇಳುತ್ತಾಳೆ.

ಅವಳ ಕೇರಿಯ ಮುಕದ್ದಮ್ ಎಂಬ ಹೆಂಗಸಿನ ಮನೆಯಲ್ಲಿ ಒಂದು ಕರಿ ಮೀನಿತ್ತು, ಮೈತುಂಬ ಕೆಂಡದ ಚುಕ್ಕಿ. ಮುಕದ್ದಮಳ ಗಂಡ ಬೆರಳುದ್ದದ ಮರಿ ತಂದು ಸಾಕಿದ್ದು, ರೊಟ್ಟಿಯಗಲ ಬೆಳೆದಿತ್ತು. ಕರೆದರೆ ಬೆಕ್ಕಿನ ಹಾಗೆ ಕೈಗೆ ಬರುತ್ತಿತ್ತು. ಗಂಡ ತೀರಿಹೋದ ಮೇಲೆ ಆಕೆ ಸಂಜೆ ತೊಟ್ಟಿಯ ಮುಂದೆ ಕೂತು, ಸಂತೆಯಲ್ಲಿ ಈರುಳ್ಳಿ ಎಷ್ಟಾಯಿತು, ಯಾರ ಮನೆಯಲ್ಲಿ ಮಗುವಾಯಿತು ಎಂದು ಮೀನಿಗೆ ವರದಿ ಒಪ್ಪಿಸುತ್ತಿದ್ದಳು.

ಆ ಮನೆಗೆ ಮೂರು ವರ್ಷದ ಹಿಂದೆ ಸರ್ವಿನೋಜ್ ಸೊಸೆಯಾಗಿ ಬಂದಳು. ಕಾಲುವೆಯಾಚೆಯ ಹಳ್ಳಿಯ ಹುಡುಗಿ, ಹತ್ತೊಂಬತ್ತು ವಯಸ್ಸು. ಹೊಸ ಸೊಸೆ ಮನೆಯವರೆಲ್ಲರಿಗಿಂತ ಮೊದಲು ಎದ್ದು, ಅಂಗಳಕ್ಕೂ ಬೀದಿಗೂ ನೀರು ಚಿಮುಕಿಸಿ ಗುಡಿಸಬೇಕು. ಪರದೆಯ ಸಂದಿನಿಂದ ಇಡೀ ಕೇರಿ ನೋಡುತ್ತದೆ. ಅವಳ ತಾಯಿತಂದೆ ಮೊದಲ ಸಲ ಬೀಗರೂಟಕ್ಕೆ ಬರುವವರಿದ್ದರು. ಎರಡು ದಿನ ಮುಂಚೆ ಆ ಮಗು ಜಮಖಾನೆ ಒಗೆಯಿತು, ಕೆಟಲ್ಲುಗಳಿಗೆ ಬೂದಿ ಹಾಕಿ ತಿಕ್ಕಿತು, ಕಿಟಕಿ ಉಜ್ಜಿತು. ಉಜ್ಜಲು ಇನ್ನೇನೂ ಉಳಿಯದಾಗ ತೊಟ್ಟಿಯೊಳಗಿನ ಕರಿ ಡಬ್ಬಿ ಕಣ್ಣಿಗೆ ಬಿತ್ತು. ಬಿಸಿನೀರು, ಬಟ್ಟೆ ಸೋಪಿನ ಪುಡಿ. ಸ್ಪಂಜು ಹತ್ತಿಯಷ್ಟು ಬೆಳ್ಳಗಾಗುವವರೆಗೂ ಬಿಡಲಿಲ್ಲ.

ಶುಚಿಯೆಂದರೆ ಅರ್ಧ ಧರ್ಮ ಎಂದು ನಂಬಿದ ಊರು ಇದು. ನಂಬಿಕೆ ಸುಳ್ಳಲ್ಲ. ಆದರೆ ಬಿತ್ತಿದ ಕಾಳಿಗೆ ದೇವರು ಮಣ್ಣಿನಲ್ಲೇ ಹಾಸಿಗೆ ಹಾಸಿದ, ಭತ್ತವನ್ನು ಕೆಸರಿನಲ್ಲೇ ನಿಲ್ಲಿಸಿದ. ಎಲ್ಲಿ ತೊಳೆಯಬೇಕು, ಎಲ್ಲಿ ಕೈ ತಡೆಯಬೇಕು ಎಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ.

ಬೀಗರು ಕೂತು ರೊಟ್ಟಿ ಮುರಿಯುವ ಹೊತ್ತಿಗೆ ಮೀನು ಹೊಟ್ಟೆ ಮೇಲಾಗಿ ತೇಲಿತು. ಇನೋಬತಕ್ಕನಿಗೆ ಕರೆ ಹೋಯಿತು. ಬಂದು ಫಿಲ್ಟರು ಬಿಚ್ಚಿದಳು. ಬಿಳಿ ಸ್ಪಂಜು, ಸೋಪಿನ ವಾಸನೆ. ತಲೆಯೆತ್ತಿದರೆ ಬಾಗಿಲಲ್ಲಿ ಚಹಾದ ಕೆಟಲ್ಲು ಹಿಡಿದು ಸರ್ವಿನೋಜ್ ನಿಂತಿದ್ದಾಳೆ, ಬೆರಳ ಗೆಣ್ಣುಗಳೆಲ್ಲ ಒಡೆದಿವೆ.

“ಮುಚ್ಚಿಡಬೇಡ, ಇನೋಬತ್,” ಎಂದಳು ಮುಕದ್ದಮ್. “ಯಾರಾದ್ರೂ ಕೈ ಹಾಕಿದ್ದಾರಾ ಹೇಳು. ಯಾರ ಕೈಯೂ ಅಲ್ಲ ಅಂದ್ರೆ ಬೇರೇನೋ ಇದೆ.”

“ಇನ್ನೇನಿರುತ್ತೆ,” ಮೂಲೆಯಿಂದ ನಾದಿನಿಯೊಬ್ಬಳು ಅಂದಳು. “ಕಾಲ್ಗುಣ. ಇವಳು ಹೊಸ್ತಿಲು ದಾಟಿ ತಿಂಗಳಾಗಿಲ್ಲ.”

ಹುಡುಗಿಯ ತಂದೆ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಊಟಕ್ಕೆ ಹಾಸಿದ ಬಟ್ಟೆಯ ಮೇಲಿಟ್ಟ. ಸೊಸೆಯ ಕೈ ಎಂದರೆ ತೀರಿಹೋದ ಮಾವನ ನೆನಪನ್ನೇ ಕೊಂದವಳಾಗುತ್ತಾಳೆ. ಕೈಯಲ್ಲ ಎಂದರೆ ಅವಳ ಕಾಲು, ಅದು ಸಾಯುವವರೆಗೂ ಬಿಡದು. ಎರಡೂ ದಾರಿ ಆ ಕೂಸಿನ ಕೊರಳಿಗೇ.

“ನನ್ನ ಕೈಯೇ ಅಕ್ಕಾ,” ಎಂದಳು ಇನೋಬತಕ್ಕ. “ಹೋದ ಸಲ ಬಂದಾಗ ಆತುರದಲ್ಲಿ ಸೋಪಿನ ಪುಡಿ ಹಾಕಿ ತೊಳೆದ್ಬಿಟ್ಟೆ.”

ಮುಕದ್ದಮ್ ಕೂಗಾಡಲಿಲ್ಲ. “ನಿನ್ನ ಬಕೆಟ್ಟು ತಗೊಂಡು ಹೋಗು,” ಎಂದಷ್ಟೇ ಅಂದಳು.

ಆ ಬೇಸಗೆ ಮುಗಿಯುವಷ್ಟರಲ್ಲಿ ಕೇರಿಯ ಮನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಒಬ್ಬರು ‘ನಾವೇ ತೊಳ್ಕೋತೀವಿ’ ಎಂದರು, ಒಬ್ಬರು ಮೀನೇ ಮಾರಿಬಿಟ್ಟೆವೆಂದು ಸುಳ್ಳು ಹೇಳಿದರು. ಇನೋಬತಕ್ಕ ಸಹಿಸಿದಳು. ಸರ್ವಿನೋಜ್ ಗಂಡುಮಗು ಹೆತ್ತಳು, ಮನೆಯ ಬೀಗದ ಕೈ ಅವಳ ಸೊಂಟಕ್ಕೆ ಬಂತು ಎಂದು ಕೇಳಿ ಒಳ್ಳೆಯದೇ ಆಯಿತೆಂದುಕೊಂಡಳು.

ಕಳೆದ ಶರತ್ಕಾಲದಲ್ಲಿ ಇನೋಬತಕ್ಕನ ಮಗಳು ಓಯ್ದಿನಳನ್ನು ಕೇಳಿಕೊಂಡು ಗಂಡಿನ ಕಡೆಯ ಹೆಂಗಸರು ಬಂದರು. ಹುಡುಗಿ ಒಪ್ಪಿಗೆಯಾದಳು. ಆದರೆ ಇಲ್ಲಿ ಯಾರೂ ಕೇರಿಯನ್ನು ವಿಚಾರಿಸದೆ ರೊಟ್ಟಿ ಮುರಿದು ಮಾತು ಕೊಡುವುದಿಲ್ಲ. ತಾಯಿಯ ನಾಲಿಗೆ ಹೇಗೆ, ಕೈ ಹೇಗೆ, ಕೇಳಿಯೇ ಕೇಳುತ್ತಾರೆ. ಹೋಗುತ್ತ ಒಂದು ಬಾಗಿಲಲ್ಲಿ ನಿಂತು ಕೇಳಿದರು. ಬೀದಿ ಗುಡಿಸುತ್ತಿದ್ದವಳು ಸರ್ವಿನೋಜ್.

“ಮಗಳ ವಿಷಯ ನಂಗೊತ್ತಿಲ್ಲ. ತಾಯಿ ಕೈ ಮಾತ್ರ ನಂಬಬೇಡಿ. ನಮ್ಮ ಮೀನು ಸತ್ತಿದ್ದು ಆ ಕೈಯಿಂದಲೇ,” ಎಂದಳಂತೆ. ಆ ಹೆಂಗಸರು ತಿರುಗಿ ಬರಲಿಲ್ಲ.

ಇನೋಬತಕ್ಕ ಅವಳನ್ನು ರೊಟ್ಟಿಯಂಗಡಿಯ ಸಾಲಿನಲ್ಲಿ ಹಿಡಿದು ಕೇಳಿದಳು: “ಯಾಕಮ್ಮಾ ಹಾಗಂದೆ?”

ಸರ್ವಿನೋಜ್ ಮಗುವನ್ನು ಇನ್ನೊಂದು ಸೊಂಟಕ್ಕೆ ದಾಟಿಸಿಕೊಂಡಳು. “ಅತ್ತೆ ಕಿಟಕೀಲಿ ಕೂತಿದ್ರು ಅಕ್ಕಾ. ನಾನಿನ್ನೇನು ಹೇಳ್ಲಿ? ನೀವೇ ಹೇಳಿದ ಮಾತು ತಾನೆ?”

ಇದನ್ನು ಹೇಳುವಾಗ ಇನೋಬತಕ್ಕನ ಕೈ ಒಂದು ಗಳಿಗೆ ನೀರಿನಲ್ಲೇ ನಿಲ್ಲುತ್ತದೆ. “ನಿಜ ಹೇಳು ಅಂತ ನಾನು ಕೇಳಿಲ್ಲ. ‘ಗೊತ್ತಿಲ್ಲ’ ಅಂದಿದ್ರೆ ಆಗ್ತಿತ್ತು, ಅಷ್ಟೇ. ದೇವರಿಗೆ ಗೊತ್ತಿದೆ ಅಂತ ಇಷ್ಟು ದಿನ ಸುಮ್ನಿದ್ದೆ. ಹೆಣ್ಣು ನೋಡೋಕೆ ಬರೋರು ದೇವರನ್ನ ಕೇಳಲ್ಲವಲ್ಲ, ಪಕ್ಕದ ಮನೆಯೋರನ್ನ ಕೇಳ್ತಾರೆ.”

ಈಗ ಬಾಯಿಬಿಟ್ಟರೆ ಏನಾಗುತ್ತದೆ ಎಂದರೆ, “ಆ ಮಗೂನ ತಾಯಿ ತವರಿಗೆ ಹೋಗ್ತಾಳೆ. ನನ್ನ ಮಗಳಿಗೆ ಗಂಡು ಸಿಗುತ್ತೆ ಅಂತೇನೂ ಇಲ್ಲ,” ಎನ್ನುತ್ತಾಳೆ.

ಅಂಗಳದಲ್ಲಿ ಗಂಡಸರ ದನಿ ಕೇಳಿಸುತ್ತಿದೆ. ಕಂದು ಸ್ಪಂಜನ್ನು ಡಬ್ಬಿಗೆ ತುಂಬಿ, ಮೋಟರಿನ ಸಣ್ಣ ಚಕ್ರಕ್ಕೆ ಸುತ್ತಿಕೊಂಡ ಕೂದಲನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ, ಮುಚ್ಚಳ ಹಾಕಿ ಚಾಲೂ ಮಾಡುತ್ತಾಳೆ. ನೀರು ಒಮ್ಮೆ ಕೆಮ್ಮಿ ಹರಿಯತೊಡಗುತ್ತದೆ. ಬಕೆಟ್ಟು ಎತ್ತಿಕೊಂಡು ಹಿಂಬಾಗಿಲಿಗೆ ನಡೆಯುವವಳನ್ನು, ಮಗಳಿಗೆ ಎಂಥ ಮನೆ ಸಿಗಲಿ ಎಂದು ಬೇಡಿಕೊಳ್ಳುತ್ತೀಯ ಎಂದು ಕೇಳಿದರೆ, ಅವಳು ಹೊಸ್ತಿಲಲ್ಲಿ ಬಕೆಟ್ಟು ಇಳಿಸಿ ಉಸಿರು ತೆಗೆದುಕೊಳ್ಳುತ್ತಾಳೆ.

“ದೊಡ್ಡ ಮನೆ ಬೇಡ, ಕಾರು ಬೇಡ. ಸ್ವಲ್ಪ ಕೊಳಕಿ ಅತ್ತೆ ಸಿಗಲಿ. ಮೂಲೇಲಿ ಧೂಳಿದ್ರೂ ಕಾಣದೋಳು. ಅಂಥ ಮನೇಲಿ ಮೀನೂ ಬಾಳ್ತವೆ, ಸೊಸೇನೂ ಬಾಳ್ತಾಳೆ.”