ನೈರೋಬಿಗೆ ಹೊರಟ ಒಡಪು

ಮುಂಬೈಯ ಕಚೇರಿಯೊಂದರ ಬಾಗಿಲಲ್ಲಿ ತಂಗಿ ಒಳಗೆ ಹೋದಳು, ನಾನು ಹೋಗಲಿಲ್ಲ. ನನ್ನ ತಪ್ಪು ಇಷ್ಟೇ. ಇಷ್ಟನ್ನು ಹೇಳಲು ಬಹಳ ಕಾಲ ಹಿಡಿಯಿತು. ಹೇಳದೆ ಇರುವುದು ಮಾತ್ರ ಏನೂ ಕಷ್ಟವಾಗಲಿಲ್ಲ.

ನಮ್ಮದು ಯಲ್ಲಾಪುರದಲ್ಲಿ ಹಗ್ಗದ ಅಂಗಡಿ. ನಾಟಾ ದಿಮ್ಮಿ ಹೊತ್ತ ಲಾರಿಗಳು ನಮ್ಮ ಹಗ್ಗ ಬಿಗಿದುಕೊಂಡೇ ಹುಬ್ಬಳ್ಳಿಯ ಕಡೆ ಹೊರಡುತ್ತಿದ್ದವು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಇಂಗ್ಲಿಷು ಕಲಿತದ್ದು ಲಾರಿಯ ಕ್ಲೀನರುಗಳಿಂದ: ರೈಟ್, ಸ್ಟಾಪ್, ರಿವರ್ಸ್. ಇವಿಷ್ಟರಿಂದ ಒಂದು ಲಾರಿಯನ್ನು ಸಂದಿಯಿಂದ ಹೊರಗೆ ತೆಗೆಯಬಹುದು. ತಂಗಿಯನ್ನು ನೈರೋಬಿಗೆ ಕಳಿಸಲಾಗದು. ಆದರೂ ತಂಗಿ ನೀಲವ್ವನ ವೀಸಾದ ಮಾತು ಬಂದಾಗ, ವೀಸಾ ಕೊಡುವ ಸಾಹೇಬನ ಹತ್ತಿರ ಮಾತಾಡುವುದನ್ನು ನನಗೆ ಬಿಡಿರೆಂದು ಮನೆಯಲ್ಲಿ ಎದೆ ತಟ್ಟಿಕೊಂಡಿದ್ದೆ.

ಸಂಬಂಧ ಬನವಾಸಿ ಕಡೆಯದು. ವರ ಹುಬ್ಬಳ್ಳಿಯಲ್ಲಿ ರೈಲು ಎಂಜಿನ್ನಿನ ಕೆಲಸ ಕಲಿತು ನೈರೋಬಿ ಸೇರಿದವರು. ಹಿರಿಯರು ನೋಡಿದರು, ಒಪ್ಪಿದರು. ಅವರು ರಜೆಯಲ್ಲಿ ಬಂದು ಅಕ್ಕಿಕಾಳು ಹಾಕಿಸಿಕೊಂಡು ಮದುವೆಯಾಗಿ, ರಜೆ ಮುಗಿಯುತ್ತಲೇ ಹಡಗು ಹತ್ತಿದರು. ಹೆಂಡತಿಯನ್ನು ಆಮೇಲೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮಲ್ಲಪ್ಪನ ಹೆಂಡತಿಯಾದ ನಮ್ಮಜ್ಜಿ ಮಲ್ಲಿಗೆಯನ್ನು ಸಾಯುವ ತನಕ ‘ಬಿಳೇ ಹೂವು’ ಎಂದೇ ಕರೆದಳು. ಹೇಳಲೇಬೇಕಾಗಿ ಬಂದರೆ ಅದಕ್ಕೆ ಒಡಪು ಕಟ್ಟಬೇಕು. ಎರಡು ಸಾಲಿನ ಪದ್ಯದೊಳಗೆ ಹೆಸರನ್ನು, ಹೋಳಿಗೆಯೊಳಗಿನ ಹೂರಣದ ಹಾಗೆ, ಮುಚ್ಚಿ ಬಡಿಸಬೇಕು. ಸಾಹೇಬ ಮೊದಲು ಕೇಳುವುದೇ ಗಂಡನ ಹೆಸರು ಎಂದು ನಮಗೆ ತಿಳಿದಿತ್ತು. ಅದನ್ನು ನಾನು ಹೇಳುವುದೆಂದು ಮಾತಾಗಿತ್ತು.

ಕಚೇರಿಯ ಬಾಗಿಲಿಗೆ ಹೋದಾಗ ಒಳಗಿಂದ ಇಂಗ್ಲಿಷು ಕೇಳಿಸಿತು. ಅದರಲ್ಲಿ ರಿವರ್ಸ್ ಎಂಬುದು ಎಲ್ಲಿಯೂ ಇರಲಿಲ್ಲ. ಜೊತೆಯವರೂ ಬರಬಹುದೆಂದು ಜವಾನ ಹೇಳಿದ್ದು ಕಿವಿಗೆ ಬಿದ್ದಿತ್ತು. ಆದರೂ ನಾನು ಹೆಂಗಸರನ್ನಷ್ಟೇ ಒಳಗೆ ಬಿಡುತ್ತಾರಂತೆ ಎಂದು ನೀಲವ್ವನಿಗೆ ಹೇಳಿ, ಎದುರಿನ ಹೋಟೆಲಿಗೆ ಹೋಗಿ ಚಹದ ಮೇಲೆ ಚಹ ಕುಡಿದೆ.

ಒಳಗೆ ಅವಳು ಒಡಪನ್ನೇ ಹೇಳಿದಳಂತೆ: “ಬನವಾಸಿ ಮಧುಕೇಶ್ವರಗ ಬಿಲ್ಪತ್ರಿ ಏರಿಸೇನಿ, ಶಿವಲಿಂಗಪ್ಪನವರ ಕೈ ಹಿಡದು ಸಮುದ್ರ ದಾಟೇನಿ.”

ದುಭಾಷಿಯ ಕನ್ನಡ ನನ್ನ ಇಂಗ್ಲಿಷಿನಷ್ಟೇ ಇದ್ದಿರಬೇಕು. ಅವನು ಅದರಲ್ಲಿ ದೇವರನ್ನೂ ಸೇರಿಸಿ ಇಬ್ಬರು ಗಂಡಸರ ಹೆಸರು ಹೆಕ್ಕಿ ಸಾಹೇಬನ ಮುಂದಿಟ್ಟ. ಇಬ್ಬರಲ್ಲಿ ಗಂಡ ಯಾರು ಎಂದು ಸಾಹೇಬ ಕೇಳಿದ. ಇನ್ನೊಮ್ಮೆ ಹೆಸರೆತ್ತುವ ಧೈರ್ಯವಿಲ್ಲದೆ ಹುಡುಗಿ ತಲೆ ತಗ್ಗಿಸಿದಳು. ಮದುವೆಯ ಬಗ್ಗೆ ಸಂಶಯವಿದೆ, ವಿಚಾರಿಸಿ ಕರೆಯುತ್ತೇವೆ ಎಂದು ಹೊರಗೆ ಕಳಿಸಿದರು.

ಊರಿಗೆ ಬಂದ ಮೇಲೆ ಬೈಗುಳವೆಲ್ಲ ಅವಳಿಗೇ. ಸಾಹೇಬನ ಮುಂದೆ ಹಾಡು ಹೇಳಲು ಹೋಗಿದ್ದೆಯಾ ಎಂದಳು ಅವ್ವ. ನಾನೂ ಹೌದೌದೆಂದು ತಲೆಯಾಡಿಸಿದೆ. ಒಳಗೆ ಬೇರೆ ಹೆಂಗಸರ ಜೊತೆ ಅವರ ಅಣ್ಣತಮ್ಮಂದಿರು ನಿಂತದ್ದನ್ನು ನೀಲವ್ವ ನೋಡಿದ್ದಳು, ಆದರೂ ನನ್ನ ಚಹದ ಸುದ್ದಿ ಎತ್ತಲಿಲ್ಲ. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮಳೆಗಾಲ ಬಂತು. ಟ್ರಂಕಿನಲ್ಲಿ ಮಡಚಿಟ್ಟ ಸೀರೆಗಳು ಒಂದೊಂದಾಗಿ ಹೊರಬಂದು ಮತ್ತೆ ಹಗ್ಗದ ಮೇಲೆ ಒಣಗತೊಡಗಿದವು. ಹಡಗು ಯಾವಾಗ ಎಂದು ಕೇಳುತ್ತಿದ್ದ ನೆರೆಯವರು, ಗಂಡನೇ ಬೇಡ ಅಂದನೋ ಏನೋ ಎಂದು ತಮ್ಮತಮ್ಮಲ್ಲೇ ಉತ್ತರ ಹುಡುಕಿಕೊಂಡರು. ಅದು ಅವಳಿಗೂ ಕೇಳಿಸುತ್ತಿತ್ತು.

ದೀಪಾವಳಿ ಕಳೆದ ಮೇಲೆ ಮತ್ತೆ ಕರೆ ಬಂತು. ಈ ಸಲ ನಾನೂ ಒಳಗೆ ಹೋದೆ. ನಾನು ಅಷ್ಟು ಹೆದರಿದ್ದ ಸಾಹೇಬನೆಂದರೆ ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಒಬ್ಬ ಎಳೆಯ ಹುಡುಗ. ಹೆಸರು ಕೇಳಿದ. ನಾನು ಬಾಯಿ ತೆರೆದೆ. ಅವಳೇ ಹೇಳಬೇಕು ಎಂದ ದುಭಾಷಿ. ನೀಲವ್ವ ನನ್ನ ಮುಖ ನೋಡಿದಳು. ಅಣ್ಣನ ಎದುರಿಗೆ ಅದು ಇನ್ನೂ ಕಷ್ಟ. ನಾನು ಗೋಡೆಯ ಕಡೆ ತಿರುಗಿ ನಿಂತೆ. ನನ್ನಿಂದ ಆದ ಸಹಾಯ ಅಷ್ಟೇ. ಬಿಲ್ವಪತ್ರೆಯಿಲ್ಲದೆ, ಸಮುದ್ರವಿಲ್ಲದೆ, ಬರಿಯ ಹೆಸರು ಕೇಳಿಸಿತು. ಆಮೇಲೆ ವೀಸಾದ ಠಸ್ಸೆ ಬಿದ್ದ ಸದ್ದು.

ಹೊರಗೆ ಬಂದು ಅವಳಿಗೆ ಪೇರಲಹಣ್ಣು ಕೊಡಿಸಿದೆ. ಹೋದ ಸಲ ಜನ ಬಹಳ ಇದ್ದರು, ನನಗೂ ತಲೆನೋವಿತ್ತು, ಜವಾನನ ಮಾತು ಸರಿಯಾಗಿ ತಿಳಿಯಲಿಲ್ಲ ಎಂದೆಲ್ಲ ಶುರು ಮಾಡಿದೆ. ಅವಳು ಹಣ್ಣು ಕಚ್ಚುತ್ತ ಪೂರ್ತಿ ಕೇಳಿದಳು.

“ಒಡಪು ಸಾಕಣ್ಣಾ,” ಎಂದಳು. “ನಾ ಹೆಸರು ಹೇಳಿದ್ನಿಲ್ಲೋ? ಈಗ ನೀ ಹೇಳು.”

ನಮ್ಮ ಕಡೆ ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಹೇಗೆ ಬರುವುದಿಲ್ಲವೋ, ಹಾಗೆ ಅಣ್ಣಂದಿರ ಬಾಯಲ್ಲೂ ಒಂದು ಮಾತು ಬರುವುದಿಲ್ಲ. ನಾನು ಗೋಡೆ ಹುಡುಕಿದೆ. ರಸ್ತೆಯಲ್ಲಿ ಗೋಡೆ ಎಲ್ಲಿಯದು? ಅವಳೇ ಆ ಕಡೆ ತಿರುಗಿ ನಿಂತಳು.

“ತಪ್ಪಾತು, ನೀಲವ್ವಾ,” ಎಂದೆ. “ಅವತ್ತ ನಾ ಹೆದರಿ ಹೊರಗ ನಿಂತೆ.”