ಕುಮುದ್ ಮಾವಶಿಯ ಸೀಟಿನ ಕಾಯ್ದೆ

ಚರ್ಚ್‌ಗೇಟಿನಿಂದ ವಿರಾರ್‌ಗೆ ಹೋಗುವ ಸಂಜೆಯ ಫಾಸ್ಟ್ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಕುಮುದಿನಿ ಘರತ್ ಹೇಳಿದ್ದೇ ವೇದ. ಹಗಲೆಲ್ಲ ವಿಮೆ ಕಚೇರಿಯಲ್ಲಿ ಗುಮಾಸ್ತೆ. ಅಲ್ಲಿ ಅವಳ ಮಾತಿಗೆ ಫ್ಯಾನು ಕೂಡ ತಿರುಗುತ್ತಿರಲಿಲ್ಲ. ಸಂಜೆ ಸೀಟಿನಲ್ಲಿ ಗಟ್ಟಿಯಾಗಿ ಕೂತು, ಮಡಿಲಲ್ಲಿ ಮೆಂತ್ಯದ ಕಟ್ಟು ಬಿಚ್ಚಿ ಸೊಪ್ಪು ಬಿಡಿಸತೊಡಗಿದಳೆಂದರೆ ಮಾತ್ರ ಸಾಕ್ಷಾತ್ ಹೈಕೋರ್ಟು. ಡಬ್ಬಿಯವರೆಲ್ಲ ಅವಳನ್ನು ಕುಮುದ್ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಪ್ರೀತಿಗಿಂತ ಹೆದರಿಕೆಯೇ ಹೆಚ್ಚು.

ಲೋಕಲ್‌ನಲ್ಲಿ ನಿಂತವಳು ಕೂತವಳನ್ನು ಕೇಳುವ ಮೊದಲ ಮಾತು, "ಎಲ್ಲಿ ಇಳೀತೀರಿ?" ಮೊದಲು ಕೇಳಿದವಳಿಗೆ ಆ ಸೀಟಿನ ಮೇಲೆ ಹಕ್ಕು, ಆಮೇಲೆ ಕೇಳಿದವಳಿಗೆ ಅವಳ ನಂತರದ ಹಕ್ಕು. ಇಷ್ಟು ಊರಿಗೇ ಗೊತ್ತು. ಮಾವಶಿ ಇದಕ್ಕೆ ತನ್ನದೊಂದು ಕಲಮು ಸೇರಿಸಿದ್ದಳು: ಎದ್ದರೆ ಹೋಯಿತು. ನಡುವೆ ಎದ್ದವಳು ಸೀಟನ್ನು ತಂಗಿಗೋ ಗೆಳತಿಗೋ ಕೊಡುವಂತಿಲ್ಲ, ಅದು ಮೊದಲು ಕೇಳಿದವಳದ್ದು. "ಸೀಟೇನು ನಿಮ್ಮಪ್ಪನ ಮನೆ ಬಳುವಳಿಯಾ?" ಎಂದು ಎಷ್ಟು ಜನರ ಬಾಯಿ ಮುಚ್ಚಿಸಿದ್ದಳೋ!

ಎರಡು ವರ್ಷದ ಹಿಂದೆ ವಸಾಯಿಯ ಸೆಲಿನ್ ತುಸ್ಕಾನೊ ತುಂಬು ಬಸುರಿ. ಅವಳ ಅಕ್ಕ ಎದ್ದು ತನ್ನ ಸೀಟು ಕೊಡಹೋದಾಗ ಮಾವಶಿ ಸೊಪ್ಪಿನಿಂದ ತಲೆ ಕೂಡ ಎತ್ತದೆ ತೀರ್ಪು ಕೊಟ್ಟಳು.

"ಬಸುರಿಯರಿಗೆ ಬೇರೆ ಡಬ್ಬಿ ಇದೆಯಲ್ಲ? ಹೊಟ್ಟೆ ತೋರಿಸಿ ಸೀಟು ಹೊಡ್ಯೋದು ಇಲ್ಲಿ ನಡೆಯಲ್ಲ."

ಸೆಲಿನ್ ವಸಾಯಿವರೆಗೂ ನಿಂತೇ ಹೋದಳು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಈಗ ಮಾವಶಿಯ ಮಗಳು ಪ್ರಾಜಕ್ತಾಗೆ ಚೊಚ್ಚಲ ಬಸಿರು, ಎಂಟನೆಯ ತಿಂಗಳು. ಅಂಧೇರಿಯ ಕೆಲಸಕ್ಕೆ ರಜೆ ಹಾಕಿ ಭಾಯಂದರಿನ ತವರಿಗೆ ಹೊರಟಿದ್ದಳು. ಟ್ಯಾಕ್ಸಿ ಮಾಡುತ್ತೇನೆಂದ ಅಳಿಯನನ್ನು ಮಾವಶಿ ಫೋನಿನಲ್ಲೇ ಗದರಿಸಿದ್ದಳು.

"ಟ್ಯಾಕ್ಸಿ ಯಾಕೆ? ಅಂಧೇರಿಯಲ್ಲಿ ನನ್ನ ಡಬ್ಬಿ ಹತ್ತಿಸಿಬಿಡಿ ಸಾಕು. ಅಲ್ಲಿ ನನ್ನ ಮಾತು ನಡೆಯುತ್ತೆ."

ಆ ದಿನ ಚರ್ಚ್‌ಗೇಟಿನಲ್ಲಿ ಮಾವಶಿಯ ಎದುರು ಬಂದು ನಿಂತವಳು ಸೆಲಿನ್.

"ಎಲ್ಲಿ ಇಳೀತೀರಿ ಮಾವಶಿ?"

"ಗೊತ್ತಿದ್ದೂ ಕೇಳ್ತೀಯಲ್ಲೇ. ಭಾಯಂದರ್."

"ಕೇಳಿದ್ರೆ ತಾನೇ ಹಕ್ಕು?"

"ಸೆಲಿನ್ ಆದ್ಮೇಲೆ ನಾನು," ಎಂದಳು ಪಕ್ಕದಲ್ಲಿ ನಿಂತಿದ್ದ ಉಜ್ವಲಾ. ಅವಳು ಮಾವಶಿಯ ಪರಮಭಕ್ತೆ.

ಅಂಧೇರಿಯಲ್ಲಿ ನೂಕುನುಗ್ಗಲಿನ ನಡುವೆ ಹೊಟ್ಟೆಗೆ ಕೈ ಅಡ್ಡ ಹಿಡಿದುಕೊಂಡು ಪ್ರಾಜಕ್ತಾ ಒಳಗೆ ಬಂದಳು. "ಆಯಿ!" ಎಂದು ಅವಳು ಅಮ್ಮನನ್ನು ಕೂಗಿದ್ದೇ ತಡ, ಕೂತಿದ್ದವರಿಗೆಲ್ಲ ಒಮ್ಮೆಲೇ ಗಾಢ ನಿದ್ದೆ. ಪಾಪ, ಮಾವಶಿಯೇ ಕಲಿಸಿದ ಶಿಸ್ತು.

"ಆಯಿ, ಸ್ವಲ್ಪ ಕೂರ್ಲಾ?"

ಮಾವಶಿಯ ಕೈಯಲ್ಲಿ ಮೆಂತ್ಯದ ಎಳೆ ಹಾಗೇ ನಿಂತಿತು. ಎದ್ದರೆ ಸೀಟು ಸೆಲಿನ್‌ಗೆ. ಏಳದಿದ್ದರೆ ಮಗಳು ನಿಂತೇ ಬರಬೇಕು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ನನ್ನ ಭುಜ ಹಿಡ್ಕೊ ಮಗಾ. ಇನ್ನೇನು ಬಂತು ನಮ್ಮೂರು," ಎಂದಳು. ಎಲ್ಲಿ ಬಂತು, ಮಣ್ಣು? ಇನ್ನೂ ಗೋರೆಗಾಂವ್ ಕೂಡ ದಾಟಿರಲಿಲ್ಲ.

ಗಾಡಿ ಗಕ್ಕನೆ ಬ್ರೇಕ್ ಹಾಕಿತು. ಪ್ರಾಜಕ್ತಾ ಮುಗ್ಗರಿಸಿ, ಹೊಟ್ಟೆ ಸೀಟಿನ ಕಬ್ಬಿಣಕ್ಕೆ ತಗುಲುವುದು ಸ್ವಲ್ಪದರಲ್ಲಿ ತಪ್ಪಿತು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಆಯಿ, ಕಣ್ಣು ಕತ್ತಲೆ ಬರ್ತಿದೆ."

ಮಾವಶಿ ದಡಬಡಿಸಿ ಎದ್ದಳು. ಮೆಂತ್ಯವೆಲ್ಲ ನೆಲದ ಪಾಲು. ಅಷ್ಟರಲ್ಲಿ ಸೆಲಿನ್ ಸೀಟಿನಲ್ಲಿ ಕೂತಾಗಿತ್ತು.

"ಎದ್ದರೆ ಹೋಯ್ತು. ಅಲ್ವಾ ಮಾವಶಿ?"

ಇಡೀ ಡಬ್ಬಿಯ ಬಾಯಿ ಹೊಲಿದಿದ್ದ ಮಾವಶಿಗೆ ಕಣ್ಣು ತುಂಬಿ ಬಂತು. ಸೆಲಿನ್ ಆ ಕಣ್ಣನ್ನು ಒಂದು ಗಳಿಗೆ ನೋಡಿ ಎದ್ದು ನಿಂತಳು. "ಬಾರಮ್ಮ, ಕೂತ್ಕೊ," ಎಂದು ಪ್ರಾಜಕ್ತಾಳ ತೋಳು ಹಿಡಿದು ಕೂರಿಸಿದಳು.

"ಅದು ಹೇಗಾಗುತ್ತೆ?" ಉಜ್ವಲಾ ಅಡ್ಡ ಬಂದಳು. "ಸೆಲಿನ್ ಎದ್ದಳು. ಎದ್ದರೆ ಹೋಯ್ತು. ಅವಳಾದ್ಮೇಲೆ ನಾನು!"

"ನಿನಗೆ ಕಣ್ಣಿಲ್ವೇನೇ ಉಜ್ವಲಾ?" ಮಾವಶಿ ಸಿಡಿದಳು. "ಬಸುರಿ ಹೆಂಗಸು!"

"ಬಸುರಿಯರಿಗೆ ಬೇರೆ ಡಬ್ಬಿ ಇದೆ ಅಂತ ನೀವೇ ಅಲ್ವಾ ಮಾವಶಿ ಹೇಳಿದ್ದು?" ಉಜ್ವಲಾ ಕೇಳಿದ್ದು ಕುಹಕದಿಂದಲ್ಲ, ಭಕ್ತಿಯಿಂದ.

ಮಲಗಿದ್ದವರೆಲ್ಲ ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು.

"ಹೌದು, ನಾನೇ ಹೇಳಿದ್ದು. ಸುಡ್ಲಿ ಆ ನಾಲಿಗೆ," ಎಂದಳು ಮಾವಶಿ. ಆಮೇಲೆ ಬಗ್ಗಿ, ಚಪ್ಪಲಿಗಳ ನಡುವಿನಿಂದ ಸೊಪ್ಪು ಆಯತೊಡಗಿದಳು. ತುಳಿದ ಸೊಪ್ಪು ಯಾವ ಪಲ್ಯಕ್ಕೂ ಬಾರದು, ಆದರೆ ತಲೆ ಬಗ್ಗಿಸಲು ಒಂದು ನೆಪ ಬೇಕಿತ್ತು.

ಭಾಯಂದರ್ ಬಂತು. ಬಾಗಿಲ ಕಡೆ ಸರಿಯುತ್ತ ಮಾವಶಿ, ಎರಡು ವರ್ಷದಿಂದ ಕೇಳಬೇಕಿದ್ದ ಮಾತನ್ನು ಮುಖ ನೋಡದೆ ಕೇಳಿದಳು.

"ಸೆಲಿನ್, ನಿನಗೇನಾಯ್ತೇ? ಗಂಡೋ, ಹೆಣ್ಣೋ?"

"ಹೆಣ್ಣು, ಮಾವಶಿ. ಕೂತ್ಕೊ ಅಂದ್ರೆ ಒಂದು ಕಡೆ ಕೂರಲ್ಲ. ಹೊಟ್ಟೆಯಲ್ಲಿದ್ದಾಗಲೇ ನಿಂತು ಅಭ್ಯಾಸ, ನೋಡಿ."

ಡಬ್ಬಿಯೆಲ್ಲ ಗೊಳ್ಳೆಂದು ನಕ್ಕಿತು. ಮಾವಶಿ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಇಳಿದಳು.